ಸದ್ದು ನಿಂತರೆ ಓಡಬಾರದು

ಅಕ್ಟೋಬರ್ ೩

ಬಂದು ತಲುಪಿದೆ. ಹೆಲಿಕಾಪ್ಟರಿನಲ್ಲಿ ಕುಳಿತಿದ್ದ ಅಷ್ಟು ಹೊತ್ತೂ ನನ್ನ ಇಡೀ ಸೇವಾವಧಿ ಕಣ್ಣ ಮುಂದೆ ಹಾದುಹೋಯಿತು. ನಿವೃತ್ತಿಯ ದಿನದ ಹಾರ ತುರಾಯಿ ಬರುವಷ್ಟರಲ್ಲಿ ಇಳಿದೆವು.

ಸಮುದ್ರದ ನಡುವೆ ನಾಲ್ಕು ಕಾಲಿನ ಮೇಲೆ ನಿಂತ ಉಕ್ಕಿನ ಕಟ್ಟಡ. ಇಲ್ಲಿಯವರು ರಿಗ್ ಎನ್ನುತ್ತಾರೆ. ನಾನು ಕಡಲಕಟ್ಟೆ ಎಂದು ಬರೆಯುತ್ತೇನೆ. ಕಡಲ ತಳದಿಂದ ಅನಿಲವನ್ನು ಎತ್ತಿ ಕೊಳವೆಯಲ್ಲಿ ದಡಕ್ಕೆ ಕಳಿಸುವುದು ಇದರ ಕೆಲಸ. ಎತ್ತುವ ಯಂತ್ರಗಳಿಗೆ ವಿದ್ಯುತ್ತು ಬೇಕು. ಅದಕ್ಕಾಗಿ ಎತ್ತಿದ ಅನಿಲದಲ್ಲೇ ಒಂದು ಪಾಲನ್ನು ಎರಡು ಭಾರೀ ಜನರೇಟರುಗಳಲ್ಲಿ ಸುಡುತ್ತಾರೆ; ಹಾಲು ಮಾರಲು ಹೊರಟವನು ದಾರಿಯುದ್ದಕ್ಕೂ ತಾನೇ ಕುಡಿಯುತ್ತಾ ಹೋದಂತೆ. ಹೊಗೆ ಆಕಾಶಕ್ಕೆ, ಸದ್ದು ನಮ್ಮ ಕಿವಿಗೆ. ಈಗ ಬರಿಗಣ್ಣಿಗೆ ಕಾಣುವಷ್ಟು ದೂರದಲ್ಲಿ ಏಳು ಗಾಳಿಯಂತ್ರಗಳನ್ನು ತೇಲಿಬಿಟ್ಟು ಲಂಗರು ಹಾಕಿದ್ದಾರೆ. ಅವುಗಳ ವಿದ್ಯುತ್ತು ಕಡಲಡಿಯ ಕೇಬಲ್ಲಿನಲ್ಲಿ ಇಲ್ಲಿಗೆ ಬರುತ್ತದೆ. ಇನ್ನು ಮುಂದೆ ಜನರೇಟರುಗಳನ್ನು ನಿಲ್ಲಿಸಿ, ಹೊಗೆಯಿಲ್ಲದೆ, ಗಾಳಿಯ ಬಲದಲ್ಲೇ ಕಟ್ಟೆ ನಡೆಯಬೇಕು. ಇದನ್ನು ಸಿಬ್ಬಂದಿಗೆ ಅವರ ಮಾತಿನಲ್ಲೇ ಕಲಿಸಿ ಪರೀಕ್ಷಿಸಲು ವಿಜ್ಞಾನದ ಶಿಕ್ಷಕರೊಬ್ಬರು ಬೇಕೆಂದು ಕಂಪನಿ ಕೇಳಿತ್ತು. ಅರ್ಜಿ ಹಾಕಿದೆ. ಆಯ್ಕೆಯಾದೆ. ಅರ್ಹತೆಯಿಂದ.

ಕಟ್ಟೆಯ ಮುಖ್ಯಸ್ಥೆ ನನ್ನ ಸೊಸೆ ಎಂಬುದು ಕಾಕತಾಳೀಯ.

ಇಳಿದ ಕೂಡಲೇ ಎದುರಿಗೆ ಬಂದು ಕಿವಿಯ ಬಳಿ ಕೂಗಿದಳು. "ಮಾವ, ಮೊದ್ಲು ಹೆಲ್ಮೆಟ್ ಹಾಕ್ಕೊಳಿ. ಆಮೇಲೆ, ಎಲ್ಲರ ಮುಂದೆ ನಾನು ನಿಮ್ಮನ್ನ ಮೇಷ್ಟ್ರೇ ಅಂತೀನಿ. ನೀವು ನನ್ನ ಮೇಡಂ ಅನ್ಬೇಕಾಗುತ್ತೆ. ಪರವಾಗಿಲ್ವಾ?"

ಪರವಾಗಿಲ್ಲ ಎಂದೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದ ಹಿರಿಯರು ಮಾವನ ಕಾಲ ಯಾವುದೆಂದು ಹೇಳದೆಯೇ ಹೋಗಿದ್ದಾರೆ. ಅವಳನ್ನು ಏನೆಂದೂ ಕರೆಯದೆ ಈ ಮೂರು ವಾರ ಕಳೆಯುವುದೆಂದು ತೀರ್ಮಾನಿಸಿದ್ದೇನೆ. ಅಗತ್ಯ ಬಿದ್ದರೆ ಕೆಮ್ಮಿದರಾಯಿತು.

ಅಕ್ಟೋಬರ್ ೪

ನಿದ್ರೆಯಿಲ್ಲ. ಮಂಚ ಗುಡುಗುತ್ತದೆ, ಗೋಡೆ ಗುಡುಗುತ್ತದೆ, ಲೋಟದ ನೀರು ತಾನೇ ತಾನಾಗಿ ನಡುಗುತ್ತದೆ. ನನ್ನ ಕೋಣೆಯ ಜೊತೆಗಾರ ಜನರೇಟರ್ ನೋಡಿಕೊಳ್ಳುವವನು. ಇಪ್ಪತ್ತು ವರ್ಷ ಆ ಯಂತ್ರಗಳ ಪಕ್ಕದಲ್ಲಿ ಮಾತನಾಡಿ ಅವನ ಪಿಸುಮಾತೂ ಭಾಷಣವಾಗಿದೆ. ಎಲ್ಲರೂ ಗುಡುಗಣ್ಣ ಎನ್ನುತ್ತಾರೆ. ಅವನು ಮಾತ್ರ ಜೋಗುಳ ಕೇಳಿದ ಮಗುವಿನಂತೆ ಮಲಗಿದ್ದ.

ಊಟದ ಕೋಣೆಯಲ್ಲಿ ಮೊದಲ ತರಗತಿ. ಎಲ್ಲರೂ ಒಟ್ಟಿಗೇ ಕೂಗಿ ಮಾತನಾಡುತ್ತಿದ್ದರು. ಮೂವತ್ತನಾಲ್ಕು ವರ್ಷಗಳ ರೂಢಿಯಂತೆ ಮೇಜು ಕುಟ್ಟಿ "ನಿಶ್ಶಬ್ದ!" ಎಂದೆ. ತಕ್ಷಣ ಇಬ್ಬರು ಬಾಗಿಲಿನತ್ತ ನೋಡಿದರು; ಒಬ್ಬ ಕುರ್ಚಿಯ ಕೆಳಗಿನ ತೇಲುಜಾಕೀಟಿಗೆ ಕೈ ಹಾಕಿದ.

"ಹಂಗೆಲ್ಲ ಅನ್ಬೇಡಿ ಸಾರ್," ಎಂದರು ಅಡುಗೆಯಮ್ಮ. "ಇಲ್ಲಿ ಸದ್ದು ನಿಂತ್ರೆ ಕರೆಂಟ್ ಹೋಯ್ತು ಅಂತ ಅರ್ಥ. ಕರೆಂಟ್ ಹೋದ್ರೆ ಜೀವ ಉಳಿಸೋ ದೋಣಿ ಕಡೆ ಓಡ್ಬೇಕು ಅಂತ ಅರ್ಥ. ಸೇರಿದ ದಿನದಿಂದ ಅದೇ ಕಲಿತಿರೋದು."

ನಿಶ್ಶಬ್ದಕ್ಕೆ ಹೆದರುವ ವಿದ್ಯಾರ್ಥಿಗಳನ್ನು ಇದೇ ಮೊದಲ ಬಾರಿಗೆ ಕಂಡೆ. ನನಗೆ ಗೊತ್ತಿದ್ದ ವಿದ್ಯಾರ್ಥಿಗಳಿಗೆ ಅದರ ಪರಿಚಯವೇ ಇರಲಿಲ್ಲ.

ಬರೆಯುವಾಗ ಪ್ರತಿ ವಾಕ್ಯವನ್ನೂ ಗಟ್ಟಿಯಾಗಿ ಹೇಳಿಕೊಂಡು ಬರೆಯುವುದು ನನ್ನ ಪದ್ಧತಿ. ಕಿವಿಗೆ ಒಪ್ಪದ ವಾಕ್ಯ ಕಾಗದಕ್ಕೂ ಒಪ್ಪದು. ಈ ಗದ್ದಲದಲ್ಲಿ ಅದಕ್ಕೊಂದು ಅನುಕೂಲವಿದೆ. ಕೂಗಿ ಬರೆದರೂ ಪಕ್ಕದವನಿಗೆ ಕೇಳುವುದಿಲ್ಲ.

ಅಕ್ಟೋಬರ್ ೭

ಇಂದಿನ ಪಾಠ: ಗಾಳಿ ನಮ್ಮ ನೌಕರನಲ್ಲ. ಅದು ಕಡಿಮೆಯಾದಾಗ ಬ್ಯಾಟರಿಗಳು ಸ್ವಲ್ಪ ಹೊತ್ತು ಆಧಾರ ಕೊಡುತ್ತವೆ. ಅಷ್ಟರಲ್ಲಿ ನಾವು ಖರ್ಚು ಇಳಿಸಬೇಕು. ಮೊದಲು ಬಟ್ಟೆ ಒಗೆಯುವ ಯಂತ್ರ, ಬಳಿಕ ಸ್ನಾನದ ಬಿಸಿನೀರು, ಬಳಿಕ ಅಡುಗೆಮನೆಯ ಒಲೆಗಳು. ದೀಪ, ರೇಡಿಯೋ, ಬೆಂಕಿ ಆರಿಸುವ ಪಂಪುಗಳನ್ನು ಎಂದೂ ಮುಟ್ಟುವಂತಿಲ್ಲ.

ಅಡುಗೆಯಮ್ಮ ಎದ್ದು ನಿಂತರು. "ಅಂದ್ರೆ ನನ್ನ ಮರ್ಯಾದೆ ಬಟ್ಟೆ ಒಗೆಯೋ ಮಷಿನ್‌ಗಿಂತ ಎರಡು ಮೆಟ್ಟಿಲು ಮೇಲೆ. ಅಷ್ಟೇ ತಾನೇ?"

"ಇದು ಮರ್ಯಾದೆಯ ಪ್ರಶ್ನೆಯಲ್ಲ, ವಿದ್ಯುತ್ತಿನ ಪ್ರಶ್ನೆ," ಎಂದೆ.

"ಹಸಿದ ಮೇಲೆ ಕೇಳ್ತೀನಿ, ಯಾವ ಪ್ರಶ್ನೆ ಅಂತ."

ಇವರೆಲ್ಲ ಗಾಳಿಯಂತ್ರವನ್ನು ಫ್ಯಾನು ಎನ್ನುತ್ತಾರೆ. ಫ್ಯಾನು ವಿದ್ಯುತ್ತು ತಿಂದು ಗಾಳಿ ಕೊಡುತ್ತದೆ, ಇದು ಗಾಳಿ ತಿಂದು ವಿದ್ಯುತ್ತು ಕೊಡುತ್ತದೆ ಎಂದು ವಿವರಿಸಿದೆ. "ಸರಿ ಸಾರ್, ಉಲ್ಟಾ ಫ್ಯಾನು," ಎಂದ ಗುಡುಗಣ್ಣ. ಸಂಜೆಯ ಪರೀಕ್ಷೆಯಲ್ಲಿ ಎಲ್ಲರಿಗೂ ಪೂರ್ಣ ಅಂಕ ಬಂತು. ಸೊಸೆಗೆ ವರದಿ ಒಪ್ಪಿಸಿದೆ, ಕೆಮ್ಮಿ.

ಅಕ್ಟೋಬರ್ ೯

ಇಂದು ಮೊದಲ ಪ್ರಯೋಗ. ಹೇಗಾಯಿತೆಂದು ಬರೆಯಲು ಮನಸ್ಸಿಲ್ಲ. ಆದರೆ ದಿನಚರಿಗೆ ಸುಳ್ಳು ಹೇಳುವುದು ನನ್ನ ಜಾಯಮಾನವಲ್ಲ.

ಬೆಳಿಗ್ಗೆಯಿಂದ ಧ್ವನಿವರ್ಧಕದಲ್ಲಿ ಸಾರಿ ಸಾರಿ ಹೇಳಿದ್ದರು: ಮಧ್ಯಾಹ್ನ ಜನರೇಟರ್ ನಿಲ್ಲುತ್ತದೆ, ಗಾಳಿಯ ವಿದ್ಯುತ್ತು ಬರುತ್ತದೆ, ಯಾರೂ ಜಾಗ ಬಿಡಬೇಡಿ. ಹೇಳಿದಂತೆಯೇ ನಿಲ್ಲಿಸಿದರು. ದೀಪವೊಂದೂ ಮಿಣುಕಲಿಲ್ಲ. ಆದರೆ ಆ ಮಹಾಸದ್ದು ಇಳಿದು, ಕಡಲಿನ ಅಲೆ ಕೇಳಿಸಿದ್ದೇ ತಡ, ಇಡೀ ಕಟ್ಟೆ ಎದ್ದು ಓಡಿತು. ಸೌಟಿನ ಸಮೇತ ಅಡುಗೆಯಮ್ಮ, ಸೋಪಿನ ನೊರೆಯ ಸಮೇತ ಸ್ನಾನದಲ್ಲಿದ್ದವನೊಬ್ಬ, ಎಲ್ಲರಿಗಿಂತ ಮುಂದೆ ಗುಡುಗಣ್ಣ. ಪೂರ್ಣ ಅಂಕ ಪಡೆದ ನನ್ನ ವಿದ್ಯಾರ್ಥಿಗಳು ಪೂರ್ಣ ಸಂಖ್ಯೆಯಲ್ಲಿ ದೋಣಿ ಹತ್ತಿದರು. ನಿಯಂತ್ರಣ ಕೊಠಡಿಯಲ್ಲಿ ಸೊಸೆಯೊಬ್ಬಳೇ ಉಳಿದಳು. ಉಳಿದ ಜಾಗಗಳಿಂದ ಯಾರೂ ಉತ್ತರ ಕೊಡದ್ದರಿಂದ ನಿಯಂತ್ರಣದ ಯಂತ್ರ ತಾನಾಗಿಯೇ ಅಪಾಯವೆಂದು ಬಗೆದು ಜನರೇಟರನ್ನು ಚಾಲೂ ಮಾಡಿಬಿಟ್ಟಿತು. ಸದ್ದು ಮರಳಿ ಬಂತು. ಎಲ್ಲರೂ ನಿಟ್ಟುಸಿರಿಟ್ಟು ಇಳಿದರು.

ನಾನೂ ದೋಣಿಯಲ್ಲಿದ್ದೆ. ಹಾಜರಿ ತೆಗೆದುಕೊಳ್ಳಲು.

ಸೊಸೆ ಎಲ್ಲರ ಮುಂದೆಯೇ ಹೇಳಿದಳು. "ಮೇಷ್ಟ್ರೇ, ಉತ್ತರ ಚೆನ್ನಾಗಿ ಕಲಿಸಿದೀರಿ. ಆದ್ರೆ ಇವರ ಕಿವಿ ಇನ್ನೂ ಪಾಠಕ್ಕೆ ಬಂದಿಲ್ಲ."

ಕೇಂದ್ರ ಕಚೇರಿಯಿಂದ ಫೋನು ಬಂದಿತ್ತು. ಇನ್ನೊಂದೇ ಅವಕಾಶ, ಅದೂ ತಪಾಸಣಾಧಿಕಾರಿಯ ಕಣ್ಣೆದುರು. ಅದೂ ಕೆಟ್ಟರೆ ಗಾಳಿಯ ಕೇಬಲ್ಲನ್ನು ದಡಕ್ಕೆ ತಿರುಗಿಸುತ್ತಾರೆ, ಇಲ್ಲಿ ಜನರೇಟರುಗಳೇ ಗತಿ. ಈ ಯೋಜನೆಗೆ ಜಾಮೀನು ನಿಂತವಳು ಸೊಸೆ. ಅವಳನ್ನು ದಡದ ಯಾವುದಾದರೂ ಮೇಜಿಗೆ ಕೂರಿಸುತ್ತಾರಂತೆ.

ಅಕ್ಟೋಬರ್ ೧೦

ಕಿವಿಗೆ ಪಾಠವಂತೆ. ಮೂವತ್ತನಾಲ್ಕು ವರ್ಷ ನಾನು ಹಿಂಡಿದ ಕಿವಿಗಳೆಷ್ಟು ಎಂಬುದು ಇವಳಿಗೇನು ಗೊತ್ತು?

ಅಕ್ಟೋಬರ್ ೧೨

ಗುಡುಗಣ್ಣನನ್ನು ವಿಚಾರಿಸಿದೆ. ಎಲ್ಲವೂ ಗೊತ್ತಿದ್ದೂ ಏಕೆ ಓಡಿದೆ?

"ನಾನೆಲ್ಲಿ ಓಡ್ದೆ ಸಾರ್? ಕಾಲು ಓಡ್ತು. ಮನೇಲಿ ಮಗು ಕೂಗ್ತಾ ಆಡ್ತಿದ್ರೆ ತಾಯಿ ಆರಾಮಾಗಿರ್ತಾಳೆ. ಇದ್ದಕ್ಕಿದ್ದ ಹಾಗೆ ಸುಮ್ಮನಾದ್ರೆ? ಕೈಯಲ್ಲಿರೋದು ಬಿಸಾಕಿ ಓಡಲ್ವಾ? ಹಂಗೇ."

ಒಳ್ಳೆಯ ಉದಾಹರಣೆ, ಅಂಕ ಕೊಡಬಹುದಾದದ್ದು. ಹಾಗಾದರೆ ಕಲಿಸಬೇಕಾದ್ದು ವಿದ್ಯುತ್ತನ್ನಲ್ಲ, ನಿಶ್ಶಬ್ದವನ್ನು. ಅದಕ್ಕೆ ನನಗಿಂತ ಅರ್ಹರು ಯಾರು?

ಆದರೆ ನಿಶ್ಶಬ್ದವನ್ನು ಎಲ್ಲಿಂದ ತರುವುದು? ಇಡೀ ಕಟ್ಟೆಯಲ್ಲಿ ಸದ್ದು ನುಗ್ಗದ ಜಾಗ ಒಂದೇ: ಅಡುಗೆಮನೆಯ ಶೀತಲಕೋಣೆ. ಅದರ ಗೋಡೆ ಮೊಳದಷ್ಟು ದಪ್ಪ. ಅಡುಗೆಯಮ್ಮ ಮೊದಲು ಒಪ್ಪಲಿಲ್ಲ. "ಎಲೆಕೋಸಿನ ಮಧ್ಯೆ ಕೂತು ತಪಸ್ಸಾ?" ಅವರಿಗೂ ಒಂದು ಆಸನ ಮೀಸಲಿಟ್ಟ ಮೇಲೆ ಒಪ್ಪಿದರು.

ಮೂವರು ಮೂವರಂತೆ, ಕಂಬಳಿ ಹೊದಿಸಿ, ಆಲೂಗಡ್ಡೆಯ ಮೂಟೆಗಳ ಮೇಲೆ ಕೂರಿಸಿ ಕೋಣೆಯ ಫ್ಯಾನನ್ನೂ ನಿಲ್ಲಿಸಿದೆ. ಗುಡುಗಣ್ಣ ಸ್ವಲ್ಪ ಹೊತ್ತಿನಲ್ಲೇ ನನ್ನ ತೋಳು ಹಿಡಿದ.

"ಸಾರ್, ಒಳಗೆ ಇನ್ಯಾರೋ ಇದಾರೆ. ಉಸಿರಾಡ್ತಿದಾರೆ."

"ಅದು ನೀವೇ."

ಅವನು ಬಹಳ ಹೊತ್ತು ಕೇಳಿಸಿಕೊಂಡ. "ಇಷ್ಟು ಜೋರಾಗಾ?" ಎಂದ. ಆ ದೊಡ್ಡ ಮುಖ ಮೆತ್ತಗಾಯಿತು. ಆಮೇಲೆ ಅಡುಗೆಯಮ್ಮನ ಹೊಟ್ಟೆ ಗುಡುಗಿತು, ತರಗತಿಯನ್ನು ಮುಗಿಸಬೇಕಾಯಿತು.

ಅಕ್ಟೋಬರ್ ೧೫

ನಿಶ್ಶಬ್ದದ ಪಾಠ ಮೂರು ದಿನ ನಡೆಯಿತು. ಇಂದು ನಮ್ಮ ನಮ್ಮಲ್ಲೇ ಒಂದು ಪೂರ್ವಾಭ್ಯಾಸ. ಜನರೇಟರ್ ನಿಲ್ಲಿಸಿದರು, ಯಾರೂ ಓಡಲಿಲ್ಲ! ಒಬ್ಬ ಮಾತ್ರ ಮೆಟ್ಟಿಲ ಅರ್ಧದವರೆಗೆ ಹೋಗಿ, ಏನೋ ಬಿದ್ದದ್ದನ್ನು ಹುಡುಕಿದಂತೆ ನಟಿಸಿ ಹಿಂದಿರುಗಿದ. ನಾಳೆ ಬೆಳಗಿನವರೆಗೂ ಗಾಳಿಯಲ್ಲೇ ಇರುತ್ತೇವೆ.

ಎಂಥ ಸುಖ! ಇಲ್ಲಿಗೆ ಬಂದ ಮೇಲೆ ಮೊದಲ ಬಾರಿಗೆ ನನ್ನ ವಾಕ್ಯಗಳು ನನಗೆ ಸ್ಪಷ್ಟವಾಗಿ ಕೇಳುತ್ತಿವೆ. ಊಟ ಮುಗಿಸಿ ಬಂದು, ಮನಸ್ಸಿನಲ್ಲಿದ್ದದ್ದನ್ನೆಲ್ಲ ವ್ಯವಸ್ಥಿತವಾಗಿ ದಾಖಲಿಸುತ್ತಿದ್ದೇನೆ.

ಸೊಸೆಯ ವಿಷಯ. ನಮ್ಮ ಮನೆಗೆ ಬಂದು ಏಳು ವರ್ಷವಾಯಿತು. ಒಂದು ದಿನವಾದರೂ ನನ್ನ ಸಲಹೆ ಕೇಳಿದವಳಲ್ಲ. ಇಲ್ಲಿಗೆ ಬಂದ ಮೇಲೆ ಊಟವಾಯಿತೇ ಎಂದು ವಿಚಾರಿಸಿಲ್ಲ. ಫೋನಿನಲ್ಲಿ ಮಾತು ಮುಗಿದರೆ "ಇಡ್ತೀನಿ" ಎನ್ನದೆ ಇಟ್ಟುಬಿಡುತ್ತಾಳೆ. ಎದುರಿಗಿದ್ದವನು ಗೋಡೆಯೊಂದಿಗೆ ಮಾತನಾಡುತ್ತಿರಬೇಕು. ಎಲ್ಲರ ಮುಂದೆ ನನ್ನ ಪಾಠವನ್ನು ತಿದ್ದಿದ್ದನ್ನು ಮರೆಯಲಾರೆ. ಆದರೆ ಅವತ್ತು ಎಲ್ಲರೂ ಓಡಿದಾಗ ಅವಳು ಕುರ್ಚಿ ಬಿಡಲಿಲ್ಲ. ಅಂಥ ಶಿಸ್ತನ್ನು ನಾನು ಶಾಲೆಯಲ್ಲೂ ಕಂಡದ್ದು ಕಡಿಮೆ. ಇದನ್ನು ಅವಳಿಗೆ ಹೇಳುವ ಅಗತ್ಯವಿಲ್ಲ.

ಅಡುಗೆಯಮ್ಮನ ಬ್ರೆಡ್ಡನ್ನು ಕಟ್ಟಿ ಇಳಿಬಿಟ್ಟರೆ ಗಾಳಿಯಂತ್ರಕ್ಕೆ ಬೇರೆ ಲಂಗರು ಬೇಡ. ಗುಡುಗಣ್ಣನ ಗೊರಕೆ ಮೂರನೆಯ ಜನರೇಟರ್.

ಅಕ್ಟೋಬರ್ ೧೬

ವಿಸ್ಮಯಗಳ ದಿನ. ಬೆಳಿಗ್ಗೆ ಸೊಸೆ ಎದುರಾಗಿ, "ಮಾವ, ಊಟ ಆಯ್ತಾ?" ಎಂದಳು. ತಿಂಡಿಯ ಹೊತ್ತು, ಆದರೂ ಕಾಳಜಿ ಕಾಳಜಿಯೇ. ನಿಯಂತ್ರಣ ಕೊಠಡಿಯ ಗಡಿಯಾರವನ್ನು ಎಡಗೋಡೆಗೆ ಹಾಕುವುದೋ ಬಲಗೋಡೆಗೋ ಎಂದು ನನ್ನ ಸಲಹೆ ಕೇಳಿದಳು. ಎಡಕ್ಕೆ ಎಂದೆ, ಕಾರಣಗಳ ಸಮೇತ. ಸಂಜೆ ಫೋನಿನಲ್ಲಿ ಏನೋ ಹೇಳಿ ಮುಗಿಸಿ, "ಇಡ್ತೀನಿ ಮಾವ. ಇಡ್ಲಾ? ಇಟ್ಟೆ," ಎಂದಳು. ಕಡಲಗಾಳಿ ಮನುಷ್ಯರ ಸ್ವಭಾವವನ್ನೂ ತಿದ್ದುತ್ತದೆಂದು ತೋರುತ್ತದೆ.

ಅಡುಗೆಯಮ್ಮ ಮಾತ್ರ ನನ್ನ ತಟ್ಟೆಗೆ ಬ್ರೆಡ್ಡನ್ನು ಮೇಲಿನಿಂದ ಬಿಟ್ಟರು. "ಹುಷಾರು ಸಾರ್, ತಟ್ಟೆ ಮುಳುಗೀತು." ಅರ್ಥವಾಗಲಿಲ್ಲ.

ಅಕ್ಟೋಬರ್ ೧೭

ಅರ್ಥವಾಯಿತು.

ಗುಡುಗಣ್ಣ ಬೂಟು ಬಿಚ್ಚುತ್ತಾ ಹೇಳಿದ. "ಸಾರ್, ಒಂದ್ಮಾತು. ಸದ್ದಿಲ್ಲದ ದಿನ ಬರೀವಾಗ ಸ್ವಲ್ಪ ಮೆಲ್ಲಗೆ ಹೇಳ್ಕೊಳಿ. ಈ ಗೋಡೆ ತಗಡು. ಈ ಕಡೆ ಮೇಡಂ ರೂಮು, ಆ ಕಡೆ ಅಡುಗೆಯಮ್ಮಂದು. ಮೊನ್ನೆ ಮೇಲಿನ ಅಂತಸ್ತಿನೋರೂ ಟೀವಿ ಆರಿಸಿ ಕೇಳಿದ್ರು."

ಕೋಣೆ ಬಿಟ್ಟು ಹೊರಬರುವುದೆಂತು? ಬಂದೆ. ಎದುರಿಗೇ ಸೊಸೆ ನಿಂತಿದ್ದಳು. ಕೆಮ್ಮಲೂ ಆಗಲಿಲ್ಲ.

"ಏಳು ವರ್ಷದಲ್ಲಿ ನೀವು ನನ್ನ ಬಗ್ಗೆ ಇಷ್ಟು ಮಾತಾಡಿದ್ದು ಮೊನ್ನೆನೇ ಮಾವ," ಎಂದಳು. "ಬೈಗುಳಾನೇ ಇರ್ಬಹುದು. ಆದ್ರೆ ಎಲ್ಲ ಪೂರ್ತಿ ವಾಕ್ಯದಲ್ಲಿತ್ತು. ಮನೇಲಿ 'ಹೂಂ', 'ಉಹೂಂ' ಬಿಟ್ಟು ಬೇರೇನೂ ಕೇಳಿರ್ಲಿಲ್ಲ."

ನಾನು "ಹೂಂ" ಎಂದೆ. ಅವಳು ಗೋಡೆಗೊರಗಿ ನಗತೊಡಗಿದಳು. ನಗು ಸಾಂಕ್ರಾಮಿಕವೆಂದು ವೈದ್ಯಶಾಸ್ತ್ರ ಹೇಳುತ್ತದೋ ಇಲ್ಲವೋ ತಿಳಿಯದು.

ಅಕ್ಟೋಬರ್ ೧೮

ಮನೆಗೆ ಫೋನು ಮಾಡಿದ್ದೆ. ಮನೆಯಾಕೆಗೆ ವಿಷಯವೆಲ್ಲ ಮೊದಲೇ ತಲುಪಿತ್ತು.

"ಸೊಸೆ ಕೈಕೆಳಗೆ ನೀವು ಕೆಲ್ಸ ಮಾಡ್ತೀರಿ ಅಂತ ನಂಗೆ ಗೊತ್ತಿತ್ತು," ಎಂದಳು. "ನನ್ನ ಕೈಕೆಳಗೆ ಅಭ್ಯಾಸ ಆಗಿದೆಯಲ್ಲ."

ಇಡ್ತೀನಿ ಎನ್ನದೆ ಇಟ್ಟಳು. ರೋಗದ ಮೂಲ ಎಲ್ಲಿದೆಯೆಂದು ಈಗ ತಿಳಿಯಿತು.

ಅಕ್ಟೋಬರ್ ೨೦

ತಪಾಸಣಾಧಿಕಾರಿ ಬಂದಿದ್ದಾರೆ. ಎತ್ತರದ ಆಳು, ಇಸ್ತ್ರಿ ಮಾಡಿದ ಮೀಸೆ. ಇಂಥ ಕಟ್ಟೆಗಳಲ್ಲೇ ಮೂವತ್ತು ವರ್ಷ ಕಳೆದವರಂತೆ. ನನ್ನ ಪ್ರಶ್ನೆಪತ್ರಿಕೆಯನ್ನು ಹಳೆಯ ಮೀನಿನಂತೆ ಎರಡು ಬೆರಳಲ್ಲಿ ಹಿಡಿದು ನೋಡಿದರು.

"ನಿಮ್ಮೋರು ನಾಳೆ ಓಡ್ತಾರೆ ಮೇಷ್ಟ್ರೇ. ಎಲ್ಲ ಕಡೆನೂ ಓಡಿದ್ದಾರೆ. ಮನುಷ್ಯ ಸ್ವಭಾವ."

"ನನ್ನ ವಿದ್ಯಾರ್ಥಿಗಳಲ್ಲಿ ಸ್ವಭಾವವಿಲ್ಲ, ಅಭ್ಯಾಸವಿದೆ," ಎಂದೆ.

ಮೇಡಂ ಅವರು ರಾತ್ರಿಯೂಟ ಮಾಡಲಿಲ್ಲ. ನಿಯಂತ್ರಣ ಕೊಠಡಿಯಲ್ಲಿ ಹವಾಮಾನದ ನಕ್ಷೆ ನೋಡುತ್ತಾ ಕುಳಿತಿದ್ದರು. ನಾಳೆ ಬೆಳಿಗ್ಗೆ ಗಾಳಿ ಚೆನ್ನಾಗಿರುತ್ತದೆ, ಮಧ್ಯಾಹ್ನ ಬೀಳುತ್ತದೆ. ಆದ್ದರಿಂದ ಬೆಳಿಗ್ಗೆಯೇ ಮುಗಿಸಿಬಿಡಬೇಕೆಂದರು. ಬ್ರೆಡ್ಡನ್ನು ಅಲ್ಲಿಗೇ ತೆಗೆದುಕೊಂಡು ಹೋಗಿ ಕೊಟ್ಟೆ. ಈಚೆಗೆ ಬ್ರೆಡ್ಡು ಸುಧಾರಿಸಿದೆ.

ಅಕ್ಟೋಬರ್ ೨೧

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಎಲ್ಲರೂ ಅವರವರ ಜಾಗದಲ್ಲಿದ್ದರು. ತಪಾಸಣಾಧಿಕಾರಿಗಳು ತಾವು ಎಲ್ಲ ಕಡೆ ಸುತ್ತಾಡಿ ನೋಡುವುದಾಗಿ ಹೇಳಿ ಹೋದರು. ಮೇಡಂ ಆಜ್ಞೆ ಕೊಟ್ಟರು. ಗುಡುಗಣ್ಣ ತನ್ನ ಎರಡು ಜನರೇಟರುಗಳ ಮೈ ತಟ್ಟಿ, "ಮಲ್ಕೊಳಿ, ಕರೀತೀವಿ," ಎಂದು ನಿಲ್ಲಿಸಿದ. ಸದ್ದು ಇಳಿಯಿತು. ಅಲೆ ಕೇಳಿಸಿತು. ಯಾರೂ ಅಲುಗಲಿಲ್ಲ. ಒಂದೊಂದು ಜಾಗದಿಂದಲೂ ಉತ್ತರ ಬಂತು: ಪಂಪಿನವರು ಇದ್ದೇವೆ, ಕ್ರೇನಿನವರು ಇದ್ದೇವೆ, ಅಡುಗೆಮನೆ ಇದ್ದೇವೆ, ಒಲೆಯೂ ಇದೆ. ನನ್ನ ಕಣ್ಣು ಮಂಜಾಯಿತು, ಸಮುದ್ರದ ಉಪ್ಪಿನಿಂದ.

ಎಲ್ಲ ಉತ್ತರ ಬಂದ ಮೇಲೆ ನೋಡಿದರೆ ಒಬ್ಬರ ಸುಳಿವಿಲ್ಲ. ಹುಡುಕಿದೆವು. ತಪಾಸಣಾಧಿಕಾರಿಗಳು ದೋಣಿಯಲ್ಲಿದ್ದರು. ತೇಲುಜಾಕೀಟು ತೊಟ್ಟು, ನಡುಪಟ್ಟಿ ಬಿಗಿದು, ಮೊದಲ ಸಾಲಿನಲ್ಲಿ.

"ದೋಣಿ ಸ್ಥಿತಿ ನೋಡ್ತಿದ್ದೆ," ಎಂದರು.

"ಬೆಲ್ಟ್ ಹಾಕ್ಕೊಂಡಾ ಸಾರ್?" ಎಂದ ಗುಡುಗಣ್ಣ, ತನ್ನ ಪ್ರಕಾರ ಪಿಸುದನಿಯಲ್ಲಿ. ಇಡೀ ಕಟ್ಟೆಗೆ ಕೇಳಿಸಿತು.

ಅವರು ಇಳಿದು ಬಂದು ಮೀಸೆ ಸರಿಪಡಿಸಿಕೊಂಡರು. ಆಮೇಲೆ ಅವರೇ ಮೇಡಂ ಅವರನ್ನು ಪಕ್ಕಕ್ಕೆ ಕರೆದು, "ನೋಡಿ, ಎಲ್ಲ ಸರಿಯಾಗಿ ಆಗಿದೆ ಅಂತ ನೀವೇ ಹೇಳ್ತಿದೀರಿ. ನಾನು ಸಹಿ ಹಾಕ್ತೀನಿ. ಈ ದೋಣಿ ವಿಷಯ ಇಲ್ಲಿಗೇ ಬಿಟ್ಬಿಡೋಣ," ಎಂದರು.

ಮಧ್ಯಾಹ್ನ ಗಾಳಿ ಬೀಳುವುದು ಎಲ್ಲರಿಗೂ ಗೊತ್ತಿತ್ತು. ಆ ಸಹಿಯಿಂದ ಎಲ್ಲವೂ ಉಳಿಯುತ್ತಿತ್ತು: ಗಾಳಿಯಂತ್ರ, ಕೇಬಲ್ಲು, ಮೇಡಂ ಅವರ ಕುರ್ಚಿ. ತಲೆಯಾಡಿಸಿದರೆ ಸಾಕಿತ್ತು. ನನ್ನ ತಲೆ ಆಗಲೇ ಆಡಿತ್ತೋ ಏನೋ.

"ನೀವು ನೋಡಿಲ್ಲ ಸಾರ್," ಎಂದರು ಮೇಡಂ. "ನೋಡದೇ ಇರೋದಕ್ಕೆ ಸಹಿ ಬೇಡ. ನಾಳೆ ನಿಜವಾಗ್ಲೂ ಗಾಳಿ ಬಿದ್ದಾಗ ಇವರನ್ನ ಕಾಯೋದು ನಿಮ್ಮ ಸಹಿ ಅಲ್ಲ. ಮಧ್ಯಾಹ್ನ ಇನ್ನೊಂದ್ಸಲ ನಿಲ್ಸೋಣ."

ನಕಲು ಮಾಡಲು ಚೀಟಿ ಕೈಗೇ ಬಂದಾಗ ಹಿಂದಿರುಗಿಸಿದ ವಿದ್ಯಾರ್ಥಿಯನ್ನು ನಾನು ಇಡೀ ಸೇವಾವಧಿಯಲ್ಲಿ ಕಂಡಿರಲಿಲ್ಲ.

ಮಧ್ಯಾಹ್ನದವರೆಗಿನ ಅವಧಿಯಲ್ಲಿ ತಪಾಸಣಾಧಿಕಾರಿಗಳಿಗೆ ಶೀತಲಕೋಣೆಯಲ್ಲಿ ವಿಶೇಷ ತರಗತಿ ತೆಗೆದುಕೊಂಡೆ. ಮೊದಲು ಬಾಗಿಲ ಹಿಡಿಯನ್ನೇ ಹಿಡಿದು ನಿಂತಿದ್ದರು. ಕೊನೆಕೊನೆಗೆ ಎಲೆಕೋಸಿಗೆ ಒರಗಿ ಕುಳಿತರು. ಹಿಂದೊಮ್ಮೆ ಬೇರೊಂದು ಕಟ್ಟೆಯಲ್ಲಿ ಸದ್ದು ನಿಂತಾಗ ನಿಜವಾಗಿಯೂ ಬೆಂಕಿ ಬಿದ್ದಿತ್ತಂತೆ. ಆಮೇಲೆ ಮನೆಯಲ್ಲೂ ಫ್ಯಾನು ಹಾಕದೆ ಮಲಗಿಲ್ಲವಂತೆ. ನಾನು ಅವರಿಗೆ ಕಂಬಳಿಯನ್ನು ಎರಡು ಸುತ್ತು ಹೊದಿಸಿದೆ.

ಮಧ್ಯಾಹ್ನ ಅವರನ್ನು ನಿಯಂತ್ರಣ ಕೊಠಡಿಯಲ್ಲೇ ಕೂರಿಸಿದೆವು. ಸದ್ದು ನಿಂತಿತು. ಅವರ ಮೊಣಕಾಲು ಎದ್ದಿತು. ಮೊದಲ ದಿನ ಶಾಲೆಗೆ ಬಂದ ಮಗುವಿನ ಕೈ ಹಿಡಿಯುವಂತೆ ಅವರ ಕೈ ಹಿಡಿದುಕೊಂಡೆ. ಮೊಣಕಾಲು ಕೂತಿತು.

ಆಗಲೇ ಗಾಳಿಯೂ ಕೂತಿತು. ಕಿಟಕಿಯಾಚೆ ಏಳು ಯಂತ್ರಗಳ ರೆಕ್ಕೆಗಳು ಒಂದೊಂದಾಗಿ ನಿಂತವು. ಬ್ಯಾಟರಿಯ ಮುಳ್ಳು ಇಳಿಯತೊಡಗಿತು. ಮೇಡಂ ಫೋನಿನಲ್ಲಿ ಒಂದೇ ಸಮನಾದ ದನಿಯಲ್ಲಿ ಹೇಳುತ್ತಾ ಹೋದರು: ಬಟ್ಟೆ ಯಂತ್ರ. ಬಿಸಿನೀರು. ಒಲೆಗಳು. ಅಡುಗೆಮನೆಯಲ್ಲಿ ನಮ್ಮೆಲ್ಲರಿಗಾಗಿ ಬೇಯುತ್ತಿದ್ದ ಬ್ರೆಡ್ಡು ಅರ್ಧದಲ್ಲಿತ್ತು.

"ಆರಿಸಿದೆ ಮೇಡಂ," ಎಂದಿತು ಫೋನು. "ಆದ್ರೆ ಬ್ರೆಡ್ಡಿನ ಬಗ್ಗೆ ಮೇಷ್ಟ್ರು ಏನೂ ಬರೀಬಾರ್ದು."

ಯಾರೂ ಓಡಲಿಲ್ಲ. ಮುಳ್ಳು ಇಳಿಯುತ್ತಿತ್ತು. ಗುಡುಗಣ್ಣ ಜನರೇಟರಿನ ಬಳಿ ಅಪ್ಪಣೆಗಾಗಿ ಕಾಯುತ್ತಿದ್ದ. ಮುಳ್ಳು ಅಪಾಯದ ಗೆರೆ ಮುಟ್ಟುವ ಮೊದಲು ಜನರೇಟರನ್ನು ಎಬ್ಬಿಸುವುದು ನಿಯಮ, ಗಾಬರಿಯಿಂದ ಎಬ್ಬಿಸುವುದು ಸೋಲು. ಮೇಡಂ ಮುಳ್ಳನ್ನೇ ನೋಡುತ್ತಾ, "ಒಂದನ್ನ ಮಾತ್ರ. ನಿಧಾನಕ್ಕೆ," ಎಂದರು. ಅವನು ನಿಧಾನವಾಗಿ ಎಬ್ಬಿಸಿದ. ಮುಳ್ಳು ಗೆರೆಗೆ ಮುಂಚೆಯೇ ನಿಂತಿತು. ದೀಪ ಮಿಣುಕಲಿಲ್ಲ. ಗಾಳಿ ತಿರುಗಿ ಬಂದಾಗ ಆ ಒಂದನ್ನೂ ಮಲಗಿಸಿದರು, ಅಷ್ಟೇ ನಿಧಾನವಾಗಿ.

ತಪಾಸಣಾಧಿಕಾರಿಗಳು ಸಹಿ ಹಾಕಿದರು. ಬಲಗೈ ನನ್ನ ಹಿಡಿತದಲ್ಲಿದ್ದುದರಿಂದ ಮೊದಲು ಅದನ್ನು ಬಿಡಿಸಿಕೊಳ್ಳಬೇಕಾಯಿತು. ವರದಿಯಲ್ಲಿ, ಪ್ರಯೋಗದುದ್ದಕ್ಕೂ ನಿಯಂತ್ರಣ ಕೊಠಡಿಯಲ್ಲಿ ಒಬ್ಬರ ಕೈ ವಿಪರೀತ ನಡುಗುತ್ತಿತ್ತೆಂದೂ ಅದು ತಮ್ಮದಲ್ಲವೆಂದೂ ಬರೆದಿದ್ದಾರೆ. ಸತ್ಯವಾದದ್ದರಿಂದ ಆಕ್ಷೇಪಿಸಲಿಲ್ಲ. ಆ ಹೊತ್ತಿನಲ್ಲಿ ನನ್ನ ಒಂದು ಕೈ ಅವರನ್ನು ಹಿಡಿದಿತ್ತು. ಮೇಡಂ ಅವರು ಫೋನನ್ನು ಒಂದೇ ಕೈಯಲ್ಲಿ ಹಿಡಿದಿದ್ದರು. ನನ್ನದೊಂದು, ಅವರದೊಂದು, ಉಳಿದ ಆ ಎರಡು ಕೈಗಳು ಎಲ್ಲಿದ್ದವೆಂಬುದು ವರದಿಯಲ್ಲಿ ಇಲ್ಲ, ಇಲ್ಲಿಯೂ ಬೇಡ.